ವರ್ಷ ತಿದ್ದಿದ ಚಿತ್ರ

ಬಿ.ಸಿ.ರೋಡಿನ ಮಿನಿ ವಿಧಾನಸೌಧದ ಎದುರಾಗಲಿ, ಬೇರೆಲ್ಲೇ ಆಗಲಿ, ಧರಣಿ ಕೂತವರ ಬಳಿ ಪೊಲೀಸ್ ವ್ಯಾನು ಬಂದು ನಿಂತ ಕೂಡಲೇ ನಡುವೆ ಒಂದಿಷ್ಟು ಜಾಗ ಖಾಲಿಯಾಗುತ್ತದೆ. ಯಾರೂ ಹೇಳಬೇಕಿಲ್ಲ. ಆ ಖಾಲಿ ಜಾಗವನ್ನೇ ಕ್ಯಾನ್ವಾಸಿನ ನಟ್ಟನಡುವೆ ಹರಡಿಟ್ಟವನು ಬಾರ್ಸಿಲೋನಾದ ರಮೋನ್ ಕಾಸಸ್ (1866–1932).

ಚಿತ್ರದ ಹೆಸರು ‘ಲಾ ಕಾರ್ಗಾ’. ಸುಮಾರು 3 ಮೀಟರ್ ಎತ್ತರ, 4.7 ಮೀಟರ್ ಅಗಲ. ಎದುರಿಗೆ ಬಲಬದಿಯಲ್ಲಿ ಸ್ಪೇನಿನ ಸಿವಿಲ್ ಗಾರ್ಡಿನ ಒಬ್ಬ ಸವಾರ. ಅವನ ಕುದುರೆಯ ಕಾಲಡಿಗೆ ಇನ್ನೇನು ಸಿಗಲಿರುವ, ನೆಲಕ್ಕೆ ಬಿದ್ದ ಒಬ್ಬ ಮನುಷ್ಯ. ಉಳಿದ ಜನ ದೂರದಲ್ಲಿ ಒತ್ತೊತ್ತಾಗಿ ಓಡುತ್ತಿದ್ದಾರೆ, ಮುಖಗಳು ಬಿಡಿಯಾಗಿ ಕಾಣುವುದಿಲ್ಲ. ಹಿಂದೆ ಕಾರ್ಖಾನೆಯ ಚಿಮಣಿಗಳು, ಒಂದು ಚರ್ಚು. ನಡುವೆ ಬೋಳು ಮಣ್ಣು. ಗೋಯಾ ತನ್ನ ‘1808ರ ಮೇ 3’ ಚಿತ್ರದಲ್ಲಿ ಗುಂಡಿಗೆ ಎದೆಯೊಡ್ಡಿದವನ ಬಿಳಿ ಅಂಗಿಯ ಮೇಲೆ ಲಾಂದ್ರದ ಬೆಳಕು ಸುರಿದು ಕಣ್ಣನ್ನು ಅಲ್ಲಿಗೇ ಎಳೆಯುತ್ತಾನೆ. ಕಾಸಸ್ ಹಾಗೆ ಕೈಹಿಡಿದು ಕರೆದೊಯ್ಯುವುದಿಲ್ಲ. ನೋಡುವವರು ಆ ಬೋಳು ನೆಲದಲ್ಲಿ ಸ್ವಲ್ಪ ಅಲೆದಾಡಿ, ಆಮೇಲೆ ಬಿದ್ದವನ ಹತ್ತಿರ ಬರಬೇಕು.

ಇನ್ನು ತಮಾಷೆಯ ಸಂಗತಿ. ಚಿತ್ರ ಬರೆದದ್ದು 1899ರ ಸುಮಾರಿಗೆ. 1900ರ ಪ್ಯಾರಿಸ್ ಮಹಾಪ್ರದರ್ಶನಕ್ಕೆ ಕೊಟ್ಟರೆ ಅವರು ಬೇಡವೆಂದರು. 1902ರ ಫೆಬ್ರುವರಿಯಲ್ಲಿ ಬಾರ್ಸಿಲೋನಾದಲ್ಲಿ ಸಾರ್ವತ್ರಿಕ ಮುಷ್ಕರ ನಡೆಯಿತು. ದಿನಕ್ಕೆ 9 ಗಂಟೆಯ ದುಡಿಮೆ ಸಾಕೆಂದು ಲೋಹ ಕಾರ್ಮಿಕರು ಹೂಡಿದ್ದ ಹೋರಾಟ ಊರಿಗೆಲ್ಲ ಹಬ್ಬಿ, ಸೈನ್ಯ ಬೀದಿಗಿಳಿಯಿತು. ಕಾಸಸ್ ಹಳೆಯ ಚಿತ್ರಕ್ಕೆ ‘ಬಾರ್ಸಿಲೋನಾ 1902’ ಎಂದು ಹೊಸ ಹೆಸರಿಟ್ಟು ಮತ್ತೆ ಹೊರತಂದ. 1904ರಲ್ಲಿ ಮ್ಯಾಡ್ರಿಡ್‌ನ ರಾಷ್ಟ್ರೀಯ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಪದಕ! ಕುದುರೆ ನುಗ್ಗಿಸಿದ್ದೂ ಅದೇ ಸರ್ಕಾರ, ಪದಕ ಕೊಟ್ಟದ್ದೂ ಅದೇ ಸರ್ಕಾರ.

ಇದು ಅವಕಾಶವಾದವೇ? ಇರಬಹುದು. ಕಾಸಸ್ ಸಿರಿವಂತರ ಮನೆಯ ಮಗ, ‘ಎಲ್ಸ್ ಕ್ವಾತ್ರೆ ಗಾಟ್ಸ್’ ಎಂಬ ಕಲಾವಿದರ ಹೋಟೆಲಿಗೆ ದುಡ್ಡು ಹಾಕಿದವನು, ಗೆಳೆಯನ ಜತೆ ಜೋಡಿ ಸೈಕಲ್ ತುಳಿಯುವ ತನ್ನದೇ ಚಿತ್ರವನ್ನು ಅದರ ಗೋಡೆಗೆ ಬರೆದ ಶೋಕಿವಾಲ. ಆದರೆ 1894ರಲ್ಲೇ, ಬಾರ್ಸಿಲೋನಾದ ಬಹಿರಂಗ ಮರಣದಂಡನೆಯೊಂದನ್ನು ‘ಗರೋಟೆ ವಿಲ್’ ಎಂಬ ಚಿತ್ರವಾಗಿಸಿದಾಗ, ವಧಾವೇದಿಕೆಗೂ ಜನರಿಗೂ ನಡುವೆ ಇಂಥದೇ ಖಾಲಿ ಜಾಗ ಬಿಟ್ಟಿದ್ದ. ತಿದ್ದಿದ್ದು ವರ್ಷ ಮಾತ್ರ, ನೋಟ ಹಳೆಯದೇ.

ಕನ್ನಡ ನಾಡಿನಲ್ಲಿ ಇಂಥ ನೆಲವೆಂದರೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಎಂಬುದು ಜನರ ಬಾಯಲ್ಲಿ ಉಳಿದ ಲೆಕ್ಕ. ಸರ್ಕಾರದ ಲೆಕ್ಕ ಬಹಳ ಕಡಿಮೆ. ವಿಚಾರಣೆಗೆ ವೇಪಾ ರಾಮೇಶಂ ಸಮಿತಿ ಬಂತು, ಮಿರ್ಜಾ–ಪಟೇಲ್ ಒಪ್ಪಂದದಿಂದ ಧ್ವಜ ಹಾರಿತು, ಲೆಕ್ಕದ ಜಗಳ ಮಾತ್ರ ಮುಗಿಯಲಿಲ್ಲ. ಕಾಸಸ್ ಕುದುರೆಯಡಿ ಇಟ್ಟದ್ದು ಒಬ್ಬನನ್ನೇ. ಆ ಒಬ್ಬನನ್ನು ಯಾವ ಸಮಿತಿಯೂ ಅರ್ಧ ಮಾಡಲಾರದು.

ಚಿತ್ರ ಈಗ ಕ್ಯಾಟಲೋನಿಯಾದ ಓಲೋಟ್ ಎಂಬ ಸಣ್ಣ ಊರಿನ ಗರೋಚಾ ಮ್ಯೂಸಿಯಂನಲ್ಲಿದೆ. ಬಾರ್ಸಿಲೋನಾ ನೋಡಲು ಹೋದವರು ಆ ಊರಿಗೂ ಒಂದು ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಮೊಬೈಲ್ ಪರದೆಯಲ್ಲಿ ಈ ಚಿತ್ರ ನೋಡಿ ಪ್ರಯೋಜನವಿಲ್ಲ. ನಡುವಿನ ಮಣ್ಣು ಅಲ್ಲಿ ಹೆಬ್ಬೆರಳಿನಷ್ಟೇ ಅಗಲವಾಗುತ್ತದೆ.