ಬಾಯಿ ಇದೆ, ಕಿವಿ ಇಲ್ಲ

ಪುಟ್ಟ ಮಕ್ಕಳಿಗೆಂದು ಮಾರಾಟವಾಗುವ ಟ್ಯಾಬ್ಲೆಟ್, ಆಟಿಕೆ ಲ್ಯಾಪ್‌ಟಾಪ್, ಮಾತನಾಡುವ ಪುಸ್ತಕ - ಯಾವುದನ್ನೇ ಕೈಗೆತ್ತಿಕೊಳ್ಳಿ, ಪೆಟ್ಟಿಗೆಯ ಮೇಲೆ 'ಎಜುಕೇಷನಲ್' ಎಂಬ ಪದ ಇದ್ದೇ ಇರುತ್ತದೆ. ಈ ಪದವನ್ನು ಅಚ್ಚು ಹಾಕಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ದೇಶದಲ್ಲಿ 2021ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ, ನಿಜ. ಆದರೆ ಅದು ಪರೀಕ್ಷಿಸುವುದು ಚೂಪಾದ ಅಂಚನ್ನು, ಬಣ್ಣದಲ್ಲಿರುವ ವಿಷವನ್ನು, ವಿದ್ಯುತ್ತಿನ ಅಪಾಯವನ್ನು. ಮಗು ಅದರಿಂದ ಏನಾದರೂ ಕಲಿಯುತ್ತದೆಯೇ ಎಂಬುದನ್ನು ಯಾವ ಗುರುತೂ ಹೇಳುವುದಿಲ್ಲ. ಆ ಕೆಲಸ ತಂದೆತಾಯಿಯರದ್ದೇ.

ಡಿಸ್ನಿಯ 'ಬೇಬಿ ಐನ್‌ಸ್ಟೈನ್' ಡಿವಿಡಿಗಳ ಕಥೆ ಇಲ್ಲಿ ನೆನಪಾಗುತ್ತದೆ. ಹಸುಗೂಸುಗಳಿಗಾಗಿ ಮಾಡಿದ ಈ ಡಿವಿಡಿಗಳು ಶೈಕ್ಷಣಿಕವೆಂಬ ಹೆಸರಿನಲ್ಲಿ ಅಮೆರಿಕದ ಮನೆಮನೆ ಸೇರಿದ್ದವು. ಗ್ರಾಹಕ ಸಂಘಟನೆಗಳ ಒತ್ತಡ ಹೆಚ್ಚಿದಾಗ 2009ರಲ್ಲಿ ಕಂಪೆನಿ ಹಣ ವಾಪಸು ಕೊಡಲು ಮುಂದಾಯಿತು. ಹಣ ಮರಳಿ ಬರಬಹುದು; ಪರದೆಯ ಮುಂದೆ ಕಳೆದ ಶೈಶವ?

ಇಂಥ ಸಾಧನಗಳನ್ನು ಆರಿಸುವಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ, 'ಇದು ಏನನ್ನು ಕಲಿಸುತ್ತದೆ?' ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದದ್ದು, 'ಇದು ಬಂದ ಮೇಲೆ ಮನೆಯಲ್ಲಿ ಯಾರ ಮಾತು ಕಡಿಮೆಯಾಗುತ್ತದೆ?' ಎಂದು. ಅಮೆರಿಕದ ನಾರ್ದರ್ನ್ ಅರಿಜೋನ ವಿಶ್ವವಿದ್ಯಾನಿಲಯದ ಅನ್ನಾ ಸೋಸಾ ಇದನ್ನೇ ಅಳೆದು ನೋಡಿದರು. 10ರಿಂದ 16 ತಿಂಗಳ 26 ಮಕ್ಕಳು ಅವರವರ ಮನೆಯಲ್ಲೇ ಹೆತ್ತವರೊಡನೆ ಆಡುವಾಗಿನ ಮಾತುಗಳನ್ನು ಧ್ವನಿಮುದ್ರಿಸಲಾಯಿತು. ಪುಸ್ತಕ ಹಿಡಿದು ಕೂತಾಗ ಹೆತ್ತವರು ನಿಮಿಷಕ್ಕೆ ಸುಮಾರು 67 ಪದ ಆಡಿದರು. ಮರದ ಒಗಟು, ಬಣ್ಣದ ತುಂಡುಗಳಂಥ ಆಟಿಕೆಯಿದ್ದಾಗ 56. ಬ್ಯಾಟರಿಯ ಆಟಿಕೆಯಿದ್ದಾಗ 40. ಮಕ್ಕಳ ತೊದಲು ದನಿಯೂ ಆಗ ಪುಸ್ತಕದ ಹೊತ್ತಿನಷ್ಟು ಹೊರಡಲಿಲ್ಲ. ಸಣ್ಣ ಅಧ್ಯಯನವೇ, ಒಪ್ಪೋಣ. ಆದರೆ ಕಾರಣವನ್ನು ಹುಡುಕಲು ವಿಜ್ಞಾನಿಯೇ ಬೇಕಿಲ್ಲ. ಆಟಿಕೆಯೇ 'ಇದು ಹಸು' ಎಂದುಬಿಟ್ಟರೆ ಅಮ್ಮನಿಗೆ ಹೇಳಲು ಉಳಿಯುವುದೇನು?

ಅಮ್ಮ ಹೇಳುವಾಗ 'ಇದು ಹಸು' ಎಂದಷ್ಟೇ ಹೇಳುವುದಿಲ್ಲವಲ್ಲ. ನಿನ್ನೆ ಅಜ್ಜಿಮನೆಯಲ್ಲಿ ನೋಡಿದ ಹಸು, ಅದರ ಕರು, ಮಗು ಹೆದರಿ ಓಡಿದ್ದು ಎಲ್ಲವೂ ಬರುತ್ತದೆ. ಅದೂ ಕನ್ನಡ, ಬ್ಯಾರಿ, ಉರ್ದು, ತುಳು, ಹೀಗೆ ಆ ಮನೆಯ ಭಾಷೆಯಲ್ಲಿ.

ಭಾಷೆಯ ಮಾತು ಬಂತು. ಈ ಸಾಧನಗಳಲ್ಲಿ ಬಹಳಷ್ಟು ಹುಟ್ಟಿದ್ದೇ ಇಂಗ್ಲಿಷಿನ ತೊಡಕೊಂದನ್ನು ಬಿಡಿಸಲು. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಬೇರೆ, ಉಚ್ಚಾರ ಬೇರೆ. 'ಸಿ' ಎಂದು ಕಲಿತ ಮಗು 'ಕ್ಯಾಟ್' ಎಂದು ಓದಬೇಕು. ಗುಂಡಿ ಒತ್ತಿದರೆ ಉಚ್ಚಾರ ಕೇಳಿಸುವ ಯಂತ್ರಕ್ಕೆ ಅಲ್ಲಿ ಒಂದು ಅರ್ಥವಿದೆ. ಲೀಪ್‌ಫ್ರಾಗ್ ಕಂಪೆನಿ 1999ರಲ್ಲಿ ತಂದ ಲೀಪ್‌ಪ್ಯಾಡ್ ಈ ಬಗೆಯದು. ಕಾಗದದ ಪುಸ್ತಕವನ್ನು ಯಂತ್ರದ ಮೇಲಿಟ್ಟು ಪದಕ್ಕೆ ಕಡ್ಡಿ ತಾಗಿಸಿದರೆ ಅದು ಮಾತಾಡುತ್ತಿತ್ತು. ಪುಟ ಮಗುಚುವ ಕೆಲಸವಾದರೂ ಮಗುವಿನ ಕೈಯಲ್ಲಿ ಉಳಿದಿತ್ತು. ಈ ಕುಲದಲ್ಲಿ ಅದೇ ವಾಸಿ ಎಂದು ನಮಗನಿಸುತ್ತದೆ. 2011ರಲ್ಲಿ ಅದೇ ಹೆಸರಿನಲ್ಲಿ ಬಂದದ್ದು ಬರೀ ಪರದೆ.

ಕನ್ನಡಕ್ಕೆ ಆ ತೊಡಕಿಲ್ಲ. 'ಕ' ಎಂಬುದು ಹೆಸರೂ ಹೌದು, ಉಚ್ಚಾರವೂ ಹೌದು. ನಮ್ಮ ಮಕ್ಕಳು ಎಡವುವುದು ಕಾಗುಣಿತದಲ್ಲಿ, ಒತ್ತಕ್ಷರದಲ್ಲಿ. ಅಮ್ಮ, ಅಪ್ಪ, ಅಕ್ಕ, ಅಜ್ಜಿ, ಉಮ್ಮ - ಮಗು ಮೊದಲು ಆಡುವ ಪದಗಳಲ್ಲೆಲ್ಲ ಒತ್ತಿದೆ! ಆದರೆ ನಾವು ನೋಡಿದ ಕನ್ನಡ ಆಟಿಕೆ, ಆ್ಯಪ್‌ಗಳಲ್ಲಿ ಹೆಚ್ಚಿನವು 'ಎ ಫಾರ್ ಆ್ಯಪಲ್' ಅಚ್ಚಿನಲ್ಲೇ 'ಅ ಅರಸ' ಎಂದು ಸುರುವಾಗಿ ವರ್ಣಮಾಲೆಯೊಂದಿಗೇ ಮುಗಿದುಬಿಡುತ್ತವೆ.

ಅರಬಿ ಅಕ್ಷರ ಮತ್ತು ಪುಟ್ಟ ದುಆಗಳನ್ನು ಹೇಳುವ ಟ್ಯಾಬ್ಲೆಟ್‌ಗಳಿಗೆ ನಮ್ಮ ಮನೆಗಳಲ್ಲಿ ವಿಶೇಷ ರಿಯಾಯಿತಿ ಸಿಗುತ್ತದೆ. ವಿಷಯ ಒಳ್ಳೆಯದಲ್ಲವೇ ಎಂಬ ಸಮಾಧಾನ. ಆದರೆ ಮಗು ಒಂದು ದುಆದ ಅರ್ಧ ಕೇಳುವಷ್ಟರಲ್ಲಿ ಇನ್ನೊಂದು ಗುಂಡಿ ಒತ್ತಿರುತ್ತದೆ. 'ಐನ್' ಗಂಟಲಿನಿಂದ ಬಂತೋ ಇಲ್ಲವೋ ಎಂದು ಉಸ್ತಾದರು ಕೇಳಿಸಿಕೊಂಡು ತಿದ್ದುತ್ತಾರೆ. ಈ ಪೆಟ್ಟಿಗೆಗೆ ಬಾಯಿ ಇದೆ, ಕಿವಿ ಇಲ್ಲ.

ವಯಸ್ಸಿನ ವಿಷಯದಲ್ಲಿ ಗೊಂದಲ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷ ತುಂಬುವ ತನಕ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಒಂದೂವರೆ ವರ್ಷದೊಳಗಿನವರಿಗೆ ವಿಡಿಯೊ ಕರೆಯೊಂದನ್ನು ಮಾತ್ರ ಬಿಟ್ಟುಕೊಟ್ಟಿತು. ಗಲ್ಫ್‌ನಲ್ಲಿ ದುಡಿಯುವ ತಂದೆಯ ಮಟ್ಟಿಗೆ ಇದು ದೊಡ್ಡ ವಿನಾಯಿತಿ. ಅವರು ಕಳಿಸುವ ದುಬಾರಿ ಟ್ಯಾಬ್ಲೆಟ್‌ನಲ್ಲಿ ಹಸುಗೂಸಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ವಸ್ತು ಅವರ ಮುಖವೇ!

ಇನ್ನೊಂದು ಎಚ್ಚರ. ಮಗುವಿನ ಹೆಸರು, ಹುಟ್ಟಿದ ದಿನ, ಫೋಟೊ ಕೇಳುವ ಸಾಧನ ಬೇಡ. 2015ರಲ್ಲಿ ಹಾಂಗ್‌ಕಾಂಗ್‌ನ ವಿಟೆಕ್ ಎಂಬ ಆಟಿಕೆ ಕಂಪೆನಿಯ ಕಂಪ್ಯೂಟರುಗಳಿಗೆ ಕನ್ನ ಬಿದ್ದು 60 ಲಕ್ಷಕ್ಕೂ ಹೆಚ್ಚು ಮಕ್ಕಳ ಮಾಹಿತಿ ಬಯಲಾಯಿತು.

ಟ್ಯಾಬ್ಲೆಟ್ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಕಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನೀವೇ ಓದಿ, ತಪ್ಪಾದರೂ ಚಿಂತೆಯಿಲ್ಲ. ಹೊಸದನ್ನು ಕೊಳ್ಳುವುದೇ ಆದರೆ ಅಂಗಡಿಯಲ್ಲೇ ಚಾಲೂ ಮಾಡಿಸಿ, ಧ್ವನಿಯನ್ನು ಪೂರ್ತಿ ಇಳಿಸಿ ನೋಡಿ. ಆಮೇಲೂ ಮಗು ಅದರಲ್ಲಿ ಏನನ್ನಾದರೂ ನಿಮಗೆ ತೋರಿಸಿ ಮಾತಾಡಿದರೆ ಬೆಲೆ ವಿಚಾರಿಸಬಹುದು.