ಒಂಟಿಗಾಲಿನ ಐದು ತಾಸು

ಹಂಪಿಯ ಮಂಟಪ ಗೋಪುರಗಳ ಛಾಯಾಚಿತ್ರಗಳು, ಶಾಸನಗಳ ಪಡಿಯಚ್ಚಿನ ಸ್ಕ್ಯಾನುಗಳು, ಸಂಡೂರಿನ ಲಂಬಾಣಿ ಕಸೂತಿಯ ನಮೂನೆಗಳು, ಇವನ್ನೆಲ್ಲ ಗೆಳೆಯರ ಪಾಲಿನದನ್ನೂ ಸೇರಿಸಿ ಕಾಪಾಡಿಕೊಂಡು ಬಂದಿರುವ ಒಂದು ಸಣ್ಣ ಸರ್ವರ್ ಹೊಸಪೇಟೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದೆ. ಅದರೊಳಗಿದ್ದುದು 2 ಟಿಬಿಯ ಎರಡು ಹಾರ್ಡ್‌ಡಿಸ್ಕುಗಳು. ಒಂದರ ಮೇಲೆ ಬರೆದುದೆಲ್ಲವೂ ಕೂಡಲೇ ಇನ್ನೊಂದರ ಮೇಲೂ ಮೂಡುವುದರಿಂದ, ಎರಡೂ ಎರಡೂ ಸೇರಿ ನಾಲ್ಕಾಗದೆ ಎರಡಾಗಿಯೇ ಉಳಿಯುವ ವಿಚಿತ್ರ ಗಣಿತದ ಜೋಡಿ ಅದು. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ವಿದ್ವಾಂಸರು 1988ರ ತಮ್ಮ ಪ್ರಬಂಧದಲ್ಲಿ ಇಂತಹ ವ್ಯವಸ್ಥೆಗಳನ್ನು ವರ್ಗೀಕರಿಸುತ್ತ ಇದಕ್ಕೆ ಮೊದಲನೆಯ ಅಂಕೆಯನ್ನಿತ್ತರು. ಎಲ್ಲಕ್ಕಿಂತ ದುಬಾರಿಯಾದುದು ಇದೇ ಎಂದು ಅಂದೇ ಹೇಳಿಯೂ ಇದ್ದರು. ನಮ್ಮ ಕಡೆಯ ಹುಡುಗರ ಬಾಯಲ್ಲಿ ಇದು ‘ರೇಡ್ ಒನ್’.

ಇಂತಹ ಜೋಡಿಯಲ್ಲಿ ಜಾಗ ತೀರಿದಾಗ ಎಲ್ಲೆಡೆಯೂ ನಡೆಯುವ ಪದ್ಧತಿಯೊಂದಿದೆ. ಒಂದು ಡಿಸ್ಕನ್ನು ಕಿತ್ತು, ಆ ಸ್ಥಾನದಲ್ಲಿ ದೊಡ್ಡದೊಂದನ್ನು ಕೂರಿಸಿ, ಉಳಿದ ಹಳೆಯದರಿಂದ ಹೊಸದಕ್ಕೆ ಸಮಸ್ತವೂ ನಕಲಾಗುವವರೆಗೆ ಕಾದು, ಅನಂತರ ಎರಡನೆಯದನ್ನೂ ಹಾಗೆಯೇ ಬದಲಿಸಿ, ಕೊನೆಗೆ ಜೋಡಿಗೆ ‘ಇನ್ನು ನೀನು ಬೆಳೆಯಬಹುದು’ ಎಂಬ ಒಂದು ಆಜ್ಞೆಯನ್ನೂ, ಅದರ ಮೇಲಿನ ಕಡತವ್ಯವಸ್ಥೆಗೆ ಇನ್ನೊಂದನ್ನೂ ಕೊಡುವುದು. ಎರಡೂ ಡಿಸ್ಕು ಬದಲಾಗುವವರೆಗೆ ಒಂದು ಫೋಟೋಗಾಗುವಷ್ಟು ಜಾಗವೂ ಹೆಚ್ಚುವುದಿಲ್ಲ, ಏಕೆಂದರೆ ಜೋಡಿಯ ಅಳತೆಯನ್ನು ನಿರ್ಧರಿಸುವುದು ಅದರಲ್ಲಿನ ಚಿಕ್ಕದೇ. ಹಳೆಯ ಎಂಬಿಆರ್ ಮಾದರಿಯ ವಿಭಾಗಪಟ್ಟಿ 2 ಟಿಬಿಯ ಆಚೆಗೆ ಕಣ್ಣು ಹಾಯಿಸಲಾರದಾದುದರಿಂದ ಹೊಸ ಡಿಸ್ಕಿಗೆ ಜಿಪಿಟಿ ಎಂಬ ಹೊಸ ಮಾದರಿಯ ಪಟ್ಟಿ ಬೇಕು; ಯಂತ್ರವನ್ನೆಬ್ಬಿಸುವ ಬೂಟ್‌ಲೋಡರ್ ಎರಡರಲ್ಲಿಯೂ ಇರತಕ್ಕದ್ದು. ಇಷ್ಟನ್ನು ಬಲ್ಲವರಿಗೆ ಕ್ರಮವೇನೂ ಕಠಿಣವಲ್ಲ. ಆದ್ಯಂತ ಸರ್ವರ್ ತನ್ನ ಕಾರ್ಯವನ್ನು ನಡೆಸುತ್ತಲೇ ಇರುವುದು ಇದರ ಸೊಬಗು, ಮತ್ತು ಆ ಸೊಬಗಿಗೆ ಮನಸೋಲದವರು ವಿರಳ.

ನಾನೂ ಸೋತೆ. ಏಳು ವರ್ಷಗಳ ಹಿಂದೆ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಜೋಡಿಯದು. ಫ್ಯಾನಿನ ರೆಕ್ಕೆಗಳ ಮೇಲೆ ಸಂಡೂರಿನ ಅದಿರು ಲಾರಿಗಳ ಕೆಂಧೂಳು ಕುಂಕುಮದಂತೆ ಹತ್ತಿತ್ತು. ಡಿಸ್ಕು ಬದಲಿಸಲು ಕಂಪ್ಲಿಯಿಂದ ಬಂದ ಹುಡುಗ ಅದನ್ನು ಬ್ರಷ್ಷಿನಿಂದ ಒರೆಸಿ, ಮೊದಲ ಡಿಸ್ಕನ್ನು ಹೊರಗೆಳೆದು, ‘ಅಂಜಬ್ಯಾಡ್ರಿ ಸಾರ್, ಇನ್ನೊಂದೈತಲ್ಲ’ ಎಂದ. ಸೆಕೆಂಡಿಗೆ ಸುಮಾರು 110 ಎಂಬಿಯ ವೇಗದಲ್ಲಿ 2 ಟಿಬಿಯ ನಕಲಿಗೆ ಐದು ತಾಸು ಹಿಡಿಯುತ್ತದೆ. ಆ ಐದು ತಾಸು ಎಲ್ಲ ಭಾರವೂ ಆ ‘ಇನ್ನೊಂದ’ರ ಮೇಲೆಯೇ, ಅದೂ ಸುಮ್ಮನೆ ಕೂರುವ ಭಾರವಲ್ಲ, ವರ್ಷಗಟ್ಟಲೆ ಯಾರೂ ಮುಟ್ಟದ ಮೂಲೆಗಳನ್ನೂ ಬಿಡದೆ ಮೊದಲಿನಿಂದ ಕೊನೆಯವರೆಗೆ ಓದಬೇಕಾದ ಭಾರ. ನೂರಕ್ಕೆ 71ರಲ್ಲಿ ಅದು ಎಡವಿತು. ಓದಲಾಗದ ಒಂದು ಜಾಗ ಸಿಕ್ಕಿ ನಕಲು ಅಲ್ಲಿಗೇ ನಿಂತಿತು. ಹುಡುಗ ಪರದೆಯನ್ನೇ ನೋಡುತ್ತ ಕುಳಿತ. ತಂದಿಟ್ಟ ಚಹಾ ಆರಿತು.

ಕಿತ್ತಿಟ್ಟ ಮೊದಲ ಡಿಸ್ಕು ಮೇಜಿನ ಮೇಲೆ ಕ್ಷೇಮವಾಗಿದ್ದುದರಿಂದ ಅದನ್ನೇ ಮರಳಿ ಕೂರಿಸಿ ಅದರಿಂದ ನಕಲು ಮಾಡಿಸಿದೆವು. ಆದರೆ ಕೆಲಸ ನಿಲ್ಲಬಾರದೆಂಬ ಹೆಮ್ಮೆಯಲ್ಲಿ ಅಂದು ಮಧ್ಯಾಹ್ನ ನಾನೇ ಸರ್ವರಿಗೆ ತುಂಬಿಸಿದ ವಿಟ್ಠಲ ದೇವಾಲಯದ ಚಿತ್ರಗಳು ಅದರಲ್ಲಿರಲಿಲ್ಲ, ಹೊರಬಿದ್ದ ಗಳಿಗೆಗೇ ಅದರ ಕಾಲ ನಿಂತಿತ್ತಷ್ಟೆ. ಕ್ಯಾಮೆರಾದ ಕಾರ್ಡನ್ನು ಅಳಿಸದೆ ಇದ್ದುದು ನನ್ನ ಸೋಮಾರಿತನದ ಪುಣ್ಯ.

ಸವೆದುದು ಹೊರೆ ಬಿದ್ದಾಗಲೇ ಕೈಕೊಡುತ್ತದೆ ಎಂಬುದನ್ನು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ಜಲಾಶಯ ಬರಿದಾಗಿದ್ದ ಬೇಸಗೆಯಲ್ಲಲ್ಲ, ತುಂಬಿ ನಿಂತಿದ್ದ ಮಳೆಗಾಲದಲ್ಲಿ. ಎಪ್ಪತ್ತು ವರ್ಷಗಳ ಸವೆತ ಪ್ರಕಟವಾದುದು ಹೊರೆ ಬಿದ್ದ ದಿನವೇ. ಬದಲಿಯ ಸ್ಟಾಪ್‌ಲಾಗ್ ಎಂಬ ತಡೆಹಲಗೆ ಸಿದ್ಧವಾಗಿ ಕೆಳಗಿಳಿಯುವವರೆಗೆ ನೀರು ಹರಿದುಹೋಗುತ್ತಲೇ ಇತ್ತು.

ಆದುದರಿಂದ ಪ್ರಚಲಿತ ಪದ್ಧತಿಯ ಮೇಲೆ ನನ್ನ ಆಕ್ಷೇಪ ಅದರ ಫಲದ ವಿಷಯದಲ್ಲಿಲ್ಲ, ಅನುಕ್ರಮದ ವಿಷಯದಲ್ಲಿದೆ. ಮೊದಲು ಕಿತ್ತು ಆಮೇಲೆ ಕೂರಿಸುವುದರ ಬದಲು, ಹಳೆಯ ಎರಡನ್ನೂ ಇದ್ದಲ್ಲೇ ಬಿಟ್ಟು ಹೊಸದನ್ನು ಮೂರನೆಯ ಪ್ರತಿಯಾಗಿ ಸೇರಿಸಿ, ಅದು ಪೂರ್ಣವಾದ ಮೇಲೆ ಹಳೆಯದೊಂದನ್ನು ಬಿಡುಗಡೆ ಮಾಡಿದರೆ ಸರ್ವರ್ ಒಂದು ಕ್ಷಣವೂ ಒಂಟಿಗಾಲಿನಲ್ಲಿ ನಿಲ್ಲಬೇಕಾಗುವುದಿಲ್ಲ. ಲಿನಕ್ಸಿನಲ್ಲಿ ಇಂತಹ ಜೋಡಿಗಳನ್ನು ನಿರ್ವಹಿಸುವ ಎಂಡಿಎಡಿಎಂ ಎಂಬ ತಂತ್ರಾಂಶ ಇದನ್ನು ಸಲೀಸಾಗಿ ನಡೆಸಿಕೊಡುತ್ತದೆ. ಬೇಕಾದುದು ಒಂದು ಕೇಬಲ್ಲು, ಒಂದು ಖಾಲಿ ಸ್ಥಾನ. ಆ ಕೇಬಲ್ಲಿನ ಬೆಲೆಗೆ ಹಿಂಜರಿದು ಐದು ತಾಸಿನ ಜೂಜಿಗೆ ಇಳಿಯುವುದು ಜಾಣತನವೆನಿಸದು.

ಜೋಡಿಯೇ ಬ್ಯಾಕಪ್ ಎಂದು ನಂಬುವ ಇನ್ನೊಂದು ಭ್ರಮೆಯಂತೂ ಇದಕ್ಕಿಂತ ಹಳೆಯದು. ಕೈತಪ್ಪಿ ಅಳಿಸಿದ ಕಡತವನ್ನು ಜೋಡಿ ಎರಡೂ ಕಡೆ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಸಿಡಿಲು ಹೊಡೆದರೆ ಒಂದೇ ಪೆಟ್ಟಿಗೆಯೊಳಗಿನ ಎರಡೂ ಸುಡುತ್ತವೆ. ಹಿಂದಿನವರು ಕೆಲವು ದಾನಗಳನ್ನು ಕಲ್ಲಿನ ಮೇಲೆ ಕೆತ್ತಿಸಿ ದೇವಾಲಯದಲ್ಲಿ ನಿಲ್ಲಿಸಿದ್ದಲ್ಲದೆ ತಾಮ್ರಪಟದ ಮೇಲೂ ಬರೆಸಿ ದಾನ ಪಡೆದವನ ಮನೆಗೆ ಕಳುಹಿಸುತ್ತಿದ್ದರು. ಪ್ರತಿ ಎರಡು, ಊರಿನ ಮೂಲೆಯೂ ಎರಡು.

ನಮ್ಮ ಸರ್ವರಿನಲ್ಲಿ ಈಗ 4 ಟಿಬಿ ಜಾಗವಿದೆ. ಮೂರನೆಯ ಪ್ರತಿಯೊಂದು ಕಂಪ್ಲಿಯ ಗೆಳೆಯರ ಮನೆಯ ಬೀರುವಿನಲ್ಲಿದೆ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ಹೊಸ ಕಡತಗಳನ್ನು ಅದಕ್ಕೆ ತುಂಬಿಸಿ ಬರುತ್ತೇನೆ.