ಯಾರ ಅಡುಗೆಮನೆ ಸಿದ್ಧಾಂತ, ಯಾರದು ಉದಾಹರಣೆ?

ಬ್ರಿಟಿಷ್ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1972ರಲ್ಲಿ ‘ಡಿಸೈಫರಿಂಗ್ ಎ ಮೀಲ್’ ಎಂಬ ಪ್ರಬಂಧ ಬರೆದರು. ಊಟವನ್ನೂ ಒಂದು ಪಠ್ಯದಂತೆ ಓದಬಹುದು ಎಂಬುದು ಅವರ ವಾದ. ಯಾವುದರ ನಂತರ ಏನನ್ನು ಬಡಿಸುತ್ತೇವೆ, ಯಾರನ್ನು ಊಟಕ್ಕೇ ಕರೆಯುತ್ತೇವೆ, ಯಾರನ್ನು ಬರೀ ಪಾನೀಯ ಕೊಟ್ಟು ಕಳಿಸುತ್ತೇವೆ ಎಂಬುದರಲ್ಲಿ ಸಮಾಜದ ಹತ್ತಿರ-ದೂರಗಳು ಅಡಗಿವೆ. ಆಹಾರ ಅಧ್ಯಯನಕ್ಕೆ ಬರುವವರು ಮೊದಮೊದಲು ಓದುವ ಬರಹಗಳಲ್ಲಿ ಇದೂ ಒಂದು. ಆದರೆ ಡಗ್ಲಸ್ ಅವರ ವಾದಕ್ಕೆ ಮುಖ್ಯ ಆಕರ ಯಾವ ದೂರದ ಬುಡಕಟ್ಟೂ ಅಲ್ಲ, ಅವರದೇ ಮನೆಯ ಊಟ ಎಂಬುದನ್ನು ಓದುಗರು ಬೇಗ ಮರೆತುಬಿಡುತ್ತಾರೆ.

ಲಂಡನ್ನಿನ ಸೋಆಸ್, ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯ, ಇಟಲಿಯ ಪೊಲೆಂಝೊದಲ್ಲಿ 2004ರಲ್ಲಿ ಆರಂಭವಾದ ಗ್ಯಾಸ್ಟ್ರಾನಮಿ ವಿಶ್ವವಿದ್ಯಾಲಯ ಇವೆಲ್ಲ ಆಹಾರವನ್ನು ಸ್ನಾತಕೋತ್ತರ ಮಟ್ಟದ ವಿಷಯವಾಗಿ ಬೆಳೆಸಿವೆ. ನಾನು ಓದಿದ್ದು ಇವುಗಳಲ್ಲಲ್ಲ. ಇಂಥ ಪಠ್ಯಪಟ್ಟಿಗಳ ನೆರಳಿನಲ್ಲಿ ರೂಪುಗೊಂಡ ಒಂದು ಆನ್‌ಲೈನ್ ಕೋರ್ಸನ್ನು, ಪಿಎಚ್‌ಡಿ ಕೆಲಸದ ನಡುವೆ, ಮುಂದೆ ಉದ್ಯೋಗಕ್ಕೂ ಆದೀತು ಎಂದು ಓದಿದೆ. ಅಲ್ಲಿ ಡಗ್ಲಸ್ ಅವರ ಮನೆಯ ಊಟ ಸಿದ್ಧಾಂತವಾಗಿತ್ತು. ವಿಜಯಪುರ ಜಿಲ್ಲೆಯ ಜೋಳದ ರೊಟ್ಟಿ ‘ಪ್ರಾದೇಶಿಕ ಉದಾಹರಣೆ’ಗಳ ವಾರದಲ್ಲಿ ಒಂದು ಸ್ಲೈಡ್ ಆಗಿತ್ತು. ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ವಿದ್ಯಾರ್ಥಿಗಳು ಇಂಥ ಕೋರ್ಸ್ ಮಾಡಬಹುದೇ ಎಂದು ಕೇಳುತ್ತಾರೆ. ಮಾಡಬಹುದು. ಆದರೆ ಈ ಅಸಮಾನತೆಯನ್ನು ಗುರುತಿಸಿಕೊಂಡೇ ಮಾಡಬೇಕು.

ಅರ್ಜುನ್ ಅಪ್ಪಾದುರೈ 1988ರಲ್ಲಿ ಭಾರತದ ಅಡುಗೆ ಪುಸ್ತಕಗಳ ಬಗ್ಗೆ ಬರೆದ ಪ್ರಸಿದ್ಧ ಲೇಖನವನ್ನೇ ನೋಡಿ. ನಗರದ ಮಧ್ಯಮವರ್ಗ ಇಂಗ್ಲಿಷ್ ಅಡುಗೆ ಪುಸ್ತಕಗಳ ಮೂಲಕ ‘ರಾಷ್ಟ್ರೀಯ ಪಾಕ’ವೊಂದನ್ನು ಕಟ್ಟಿಕೊಂಡ ಬಗೆಯನ್ನು ಅದು ಸೊಗಸಾಗಿ ತೋರಿಸುತ್ತದೆ. ಅಡುಗೆ ಪುಸ್ತಕವನ್ನು ಹೀಗೆ ಗಂಭೀರ ಆಕರವಾಗಿ ಓದಿದ್ದು ದೊಡ್ಡ ಕೊಡುಗೆ. ಕನ್ನಡದಲ್ಲೂ ಅಂಥ ಆಕರಗಳಿವೆ. 11ನೇ ಶತಮಾನದ ಎರಡನೇ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕದ ಭಾಗವಿದೆ, 16ನೇ ಶತಮಾನದ ಆರಂಭದ ಮೂರನೇ ಮಂಗರಸನ ‘ಸೂಪಶಾಸ್ತ್ರ’ವಂತೂ ಪೂರ್ತಿ ಅಡುಗೆಯದೇ ಗ್ರಂಥ. ಆದರೆ ರೊಟ್ಟಿ ನಮ್ಮ ಕಡೆ ಪುಸ್ತಕದಿಂದ ಬಂದದ್ದಲ್ಲ. ಎಸರು ಎಷ್ಟು ಕಾದಿರಬೇಕು, ಹಿಟ್ಟು ಎಷ್ಟು ನಾದಬೇಕು, ಬಡಿಯುವಾಗ ಅಂಚು ಹರಿಯದಂತೆ ಕೈ ಹೇಗೆ ತಿರುಗಬೇಕು ಎಂಬುದು ಅವ್ವನ ಕೈಯಿಂದ ಮಗಳ ಕೈಗೆ ಬಂದ ವಿದ್ಯೆ. ಬರೀ ಪುಸ್ತಕ ಹುಡುಕುವ ವಿಧಾನಕ್ಕೆ ಈ ವಿದ್ಯೆ ಕಾಣಿಸುವುದೇ ಇಲ್ಲ.

ಹಾಗಾದರೆ ಇದಕ್ಕೆ ದಾಖಲೆಯೇ ಇಲ್ಲವೆ? ಇದೆ. ಅದನ್ನು ನಾವು ಬೇರೆ ಕಪಾಟಿನಲ್ಲಿಟ್ಟಿದ್ದೇವೆ. ಆಗಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಬೀಸುಕಲ್ಲಿನ ಮುಂದೆ ಕೂತು ಹಾಡುವ ತ್ರಿಪದಿಗಳ ಲೋಕ ಅದು. ಎಂ.ಎ. ತರಗತಿಗಳಲ್ಲಿ ನಾವು ಅದನ್ನು ತವರಿನ ಹಂಬಲ, ತಾಯ್ತನ, ಛಂದಸ್ಸಿನ ಚೌಕಟ್ಟಿನಲ್ಲಿ ಓದುತ್ತೇವೆ. ಹಾಡನ್ನು ಎತ್ತಿಕೊಂಡು ಹಿಟ್ಟನ್ನು ಅಲ್ಲೇ ಬಿಟ್ಟುಬಂದೆವು. ಹಾಡಿನ ಲಯ ಕಲ್ಲು ತಿರುಗುವ ಲಯ. ಅದು ಒಂದು ಮನೆಯ ಮರುದಿನದ ರೊಟ್ಟಿಗೆ ಬೇಕಾದ ದುಡಿಮೆಯ ಅಳತೆಯೂ ಹೌದು. ಈ ದೃಷ್ಟಿಯಿಂದ ‘ಗರತಿಯ ಹಾಡು’ ಆಹಾರ ಅಧ್ಯಯನದ ಮೊದಲ ಸಾಲಿನ ಆಕರ. ಕನ್ನಡ ವಿಮರ್ಶೆ ಇದನ್ನು ಇನ್ನೂ ತಕ್ಕಷ್ಟು ಬಳಸಿಕೊಂಡಿಲ್ಲ ಎಂಬುದೇ ನನ್ನ ತಕರಾರು.

ಹೀಗೆಂದು ಬೀಸುಕಲ್ಲನ್ನು ವೈಭವೀಕರಿಸುವುದು ಬೇಡ. ಬೆಳಕು ಹರಿಯುವ ಮೊದಲೇ ಎದ್ದು ಬೀಸುವುದು ರಟ್ಟೆ ಸೋಲುವ ಕೆಲಸ. ಗಿರಣಿ ಬಂದಾಗ ಹೆಣ್ಣುಮಕ್ಕಳಿಗೆ ಅದು ಬಿಡುಗಡೆಯೇ ಆಗಿತ್ತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಘೋಷಿಸಿದ ಮೇಲೆ ಜೋಳಕ್ಕೂ ಹೊಸ ಮರ್ಯಾದೆ ಬಂತು. ಆದರೆ ಆ ಸಡಗರದಲ್ಲಿ ಜೋಳದ ಪೌಷ್ಟಿಕತೆ ಕಂಡಷ್ಟು ಅದನ್ನು ಬಡಿದು ಬೇಯಿಸುವ ಕೈ ಕಾಣಲಿಲ್ಲ. ಆಲಮಟ್ಟಿಯ ನೀರು ಬಂದ ಕಡೆ ಹಿಂಗಾರಿ ಜೋಳದ ಹೊಲಕ್ಕೆ ಕಬ್ಬು ಬಂದರೆ ತಾಟಿನಲ್ಲಿ, ದನದ ಕೊಟ್ಟಿಗೆಯಲ್ಲಿ, ಕೂಲಿಯಲ್ಲಿ ಏನೇನು ಬದಲಾಗುತ್ತದೆ ಎಂಬ ಪ್ರಶ್ನೆಯೂ ಹಾಗೇ ಉಳಿಯಿತು. ಜೋಳ ಕಾಳು ಮಾತ್ರವಲ್ಲ, ಕಣಿಕೆಯೂ ಹೌದಲ್ಲ.

ಉದಾಹರಣೆಯನ್ನು ಸಿದ್ಧಾಂತದ ಜಾಗಕ್ಕೆ ತಂದರೆ ಏನಾಗುತ್ತದೆ? ಯಾರನ್ನು ಊಟಕ್ಕೆ ಕರೆಯುತ್ತೇವೆ ಎಂದು ಡಗ್ಲಸ್ ಕೇಳಿದರು. ಎಳ್ಳಮಾವಾಸ್ಯೆಗೆ ಸಜ್ಜಿ ಕಡಬು, ರೊಟ್ಟಿ, ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವವರಿಗೆ ಭೂಮಿಯೇ ಮೊದಲ ಅತಿಥಿ. ಬಸವಣ್ಣ ಹುಟ್ಟಿದ ಬಾಗೇವಾಡಿಯ ಹೆಸರು ಹೇಳಿದ ಕೂಡಲೇ ನೆನಪಾಗುವ ದಾಸೋಹ, ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರಬಹುದು ಎಂಬ ಜಾತಿಯ ಕಟ್ಟಳೆಯನ್ನೇ ಪ್ರಶ್ನಿಸಿತು. ಗಂಡ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಿರುಗಿಸು ಎಂದ ಆಯ್ದಕ್ಕಿ ಲಕ್ಕಮ್ಮನ ಕಥೆ ಇನ್ನೂ ಮುಂದೆ ಹೋಗುತ್ತದೆ: ಮನೆಯೊಳಗೆ ಎಷ್ಟು ಧಾನ್ಯ ಬರಬೇಕು, ಯಾವ ದುಡಿಮೆಯಿಂದ ಬರಬೇಕು? ಇವು ಡಗ್ಲಸ್ ಅವರಿಗೆ ಅಡಿಟಿಪ್ಪಣಿಗಳಲ್ಲ, ಅವರ ಪ್ರಶ್ನೆಯನ್ನು ತಿದ್ದುವ ಪ್ರಶ್ನೆಗಳು.

ಉದ್ಯೋಗದ ಮಾತಿಗೂ ಇದೇ ಸಂಬಂಧ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಇಂಥ ಮಾನ್ಯತೆಗೆ ಬೆಳೆಯ ಗುಣದ ಜೊತೆ ಆ ಊರಿನೊಂದಿಗೆ ಅದಕ್ಕಿರುವ ನಂಟಿಗೂ ಪುರಾವೆ ಒದಗಿಸಬೇಕು. ಹಳೆಯ ಬರಹ ಓದಿ, ರೈತರನ್ನು ಮಾತಾಡಿಸಿ, ಅದನ್ನು ಕ್ರಮವಾಗಿ ಬರೆಯಬಲ್ಲವರು ಅಲ್ಲಿ ಬೇಕು. ವಸ್ತುಸಂಗ್ರಹಾಲಯ, ಪತ್ರಿಕೆ, ರೈತ ಉತ್ಪಾದಕ ಕಂಪನಿ, ರೊಟ್ಟಿ ಮಾರುವ ಮಹಿಳಾ ಸಂಘ ಎಲ್ಲ ಕಡೆಯೂ ಉಪಯೋಗಕ್ಕೆ ಬರುವುದು ಇದೇ ಕಸುಬು. ಅಧ್ಯಾಪಕರಾಗಬೇಕೆನ್ನುವವರು ಒಂದು ವಿಷಯ ನೆನಪಿಡಬೇಕು: ಯುಜಿಸಿಯ 2022ರ ನಿಯಮಾವಳಿಯಂತೆ ಪಿಎಚ್‌ಡಿಯನ್ನು ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ಮಾಡುವಂತಿಲ್ಲ. ಆನ್‌ಲೈನ್ ಓದು ಅದಕ್ಕೆ ಪೂರಕವಾದೀತು, ಬದಲಿಯಾಗದು.

ಆದ್ದರಿಂದ ಶುಲ್ಕ ಕಟ್ಟುವ ಮುನ್ನ ಕೋರ್ಸಿನವರನ್ನು ಎರಡು ಪ್ರಶ್ನೆ ಕೇಳಿ. ಇಂಗ್ಲಿಷಲ್ಲದ ಭಾಷೆಯ ಆಕರಗಳ ಮೇಲೆ ಪ್ರಬಂಧ ಬರೆಯಲು ಅವಕಾಶವಿದೆಯೇ? ನನ್ನ ಊರಿನಲ್ಲೇ ಮಾಡಿದ ಕ್ಷೇತ್ರಕಾರ್ಯಕ್ಕೆ ಅಂಕಗಳಿವೆಯೇ? ಎರಡಕ್ಕೂ ಹೌದೆಂದರೆ ಸೇರಿ, ಡಗ್ಲಸ್, ಅಪ್ಪಾದುರೈ ಇಬ್ಬರನ್ನೂ ಚೆನ್ನಾಗಿ ಓದಿ. ಆಮೇಲೆ ಅವರು ಮಾಡಿದ್ದನ್ನೇ ಮಾಡಿ: ಹತ್ತಿರದ ಅಡುಗೆಮನೆಯಿಂದ ಶುರುಮಾಡಿ.